ಐದಡಿಯ ಮಂಚ

ನಾಲ್ಕನೆಯ ಮಹಡಿಯಲ್ಲಿ, ಮನೆಯ ಬಾಗಿಲ ಹೊರಗೆ, ಒಬ್ಬ ಬಡಗಿ ಮಂಚ ಕೊಯ್ಯುತ್ತಿದ್ದ. ಮಂಚವನ್ನು ಪಕ್ಕಕ್ಕೆ ಮಲಗಿಸಿ, ಮೊಣಕಾಲಿನಿಂದ ಅದುಮಿ ಹಿಡಿದು, ಉದ್ದನೆಯ ಪಟ್ಟಿಯ ಮೇಲೆ ಗರಗಸ ಎಳೆಯುತ್ತಿದ್ದ. ಹಳೆಯ ಗಟ್ಟಿ ಮರ, ಅಷ್ಟು ಸುಲಭಕ್ಕೆ ಬಗ್ಗುತ್ತಿರಲಿಲ್ಲ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದ ಟೇಪಮ್ಮ ಮರದ ಪುಡಿಯ ಮೇಲೆ ಕಾಲಿಟ್ಟವಳು ಅಲ್ಲೇ ನಿಂತಳು.

"ಇಷ್ಟು ಚೆನ್ನಾಗಿರೋ ಮಂಚ ಯಾಕಪ್ಪಾ ಕೊಯ್ತಿದ್ದೀಯ?"

"ನನ್ನ ಕೇಳಬೇಡಿ. ಕೊಯ್ಯಿ ಅಂದ್ರು, ಕೊಯ್ತಿದ್ದೀನಿ. ನಂಗೂ ಹೊಟ್ಟೆ ಉರೀತಿದೆ," ಎಂದ ಬಡಗಿ ತಲೆ ಎತ್ತದೆ.

ಟೇಪಮ್ಮ ಎನ್ನುವುದು ಅವಳ ಹೆಸರಲ್ಲ. ವಸತಿ ಮಂಡಳಿಯ ಮುಖ್ಯ ವಾಸ್ತುಶಿಲ್ಪಿಗೆ ಕಚೇರಿಯವರು ಬೆನ್ನ ಹಿಂದೆ ಇಟ್ಟ ಹೆಸರು ಅದು. ಮೂವತ್ತೊಂದು ವರ್ಷಗಳಲ್ಲಿ ಅವಳ ಕೈಚೀಲದಲ್ಲಿ ಅಳತೆಯ ಟೇಪು ಇಲ್ಲದ ದಿನವಿಲ್ಲ. ಯಾರದೋ ಮನೆಗೆ ಊಟಕ್ಕೆ ಹೋದರೂ ಎಲೆಗೆ ಬಡಿಸುವ ಮುಂಚೆ ಅಡುಗೆಮನೆಯ ಬಾಗಿಲು ಅಳೆದು ಬರುತ್ತಾಳೆ ಎಂದು ಆಡಿಕೊಳ್ಳುತ್ತಿದ್ದರು. ಆ ಹೆಸರು ಅವಳ ಕಿವಿಗೆ ಬಿದ್ದಿತ್ತು, ಒಳಗೊಳಗೆ ಹೆಮ್ಮೆಯೂ ಇತ್ತು. ಬಡವರ ಮನೆಯ ಕೋಣೆ ಇಷ್ಟಕ್ಕಿಂತ ಚಿಕ್ಕದಿರಕೂಡದು ಎಂದು ವಿಧಿಸುವ ನೀಲಿ ರಟ್ಟಿನ ನಿಯಮದ ಪುಸ್ತಕವನ್ನು ಬರೆದವಳು ಅವಳೇ. ಒಳಕೋಣೆ ಎಂಟಡಿ ಉದ್ದ, ಆರಡಿ ಅಗಲ. ಏಳಡಿ ಸಾಕು ಎಂದವರ ಜೊತೆ ಮೂರು ವರ್ಷ ಗುದ್ದಾಡಿ ಆ ಎಂಟಡಿಯನ್ನು ಉಳಿಸಿಕೊಂಡಿದ್ದಳು. ಕಟ್ಟಿ ಮುಗಿಸಿದ ಮನೆಗಳಿಗೆ ತಿಂಗಳಿಗೊಮ್ಮೆ ಹೋಗಿ ಜನ ಹೇಗಿದ್ದಾರೆಂದು ನೋಡಿಬರುವ ಪದ್ಧತಿಯೂ ಅವಳದೇ. ಹಾಗೆ ನೋಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಗರಗಸದ ಸದ್ದು ನಿಂತದ್ದು ಕೇಳಿ ಒಳಗಿನಿಂದ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ಪೊರಕೆ. ಟೇಪಮ್ಮನ ಕುತ್ತಿಗೆಯ ಗುರುತಿನ ಚೀಟಿಯ ಮೇಲೆ ಕಣ್ಣಾಡಿಸಿದಳು.

"ಮನೆ ಕಟ್ಟೋ ಆಫೀಸಿನವರಾ? ಬನ್ನಿ, ನೋಡಿ ಬನ್ನಿ. ನಮ್ಮ ಮಾವನಿಗೆ ಸೊಂಟದ ಮೂಳೆ ಮುರಿದಿದೆ. ನೆಲದ ಮೇಲೆ ಮಲಗಿಸಬೇಡಿ ಅಂದ್ರು ಡಾಕ್ಟ್ರು. ಹಳೇ ಮನೆಯಿಂದ ಮಂಚ ತರಿಸಿದ್ವಿ. ಮಂಚ ಹಾಕಿದ್ರೆ ಬಾಗಿಲು ಮುಚ್ಚಲ್ಲ, ಬಾಗಿಲು ಮುಚ್ಚಿದ್ರೆ ಮಂಚ ಹಿಡಿಯಲ್ಲ."

"ಅಡ್ಡ ಹಾಕಿ ನೋಡಿದ್ರಾ?"

"ಅಡ್ಡ ಹಾಕಿದ್ವಿ, ಓರೆ ಹಾಕಿದ್ವಿ, ನಿಲ್ಲಿಸೋದೊಂದು ಬಾಕಿ."

"ಬಾಗಿಲು ಹೊರಕ್ಕೆ ತೆರೆಯೋ ಹಾಗೆ ಮಾಡಿಸಬಹುದಿತ್ತು."

"ಹೊರಗಡೆ ಒಲೆ ಇದೆ ಮೇಡಂ. ಬಾಗಿಲು ತೆಗೆದ್ರೆ ಸೀದಾ ಒಲೆಗೇ. ಅಲ್ಲಿ ಒಲೆ ಇಡಬೇಕು ಅಂತ ಕಟ್ಟೆ ಕಟ್ಟಿಕೊಟ್ಟವರು ನೀವೇ ತಾನೆ?"

ಹೊರಕೋಣೆಯ ಮೂಲೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಅವಳ ಮಾವ ಕೂತಿದ್ದ. ಕೂತರೂ ಗೊತ್ತಾಗುವಷ್ಟು ಎತ್ತರದ ಮುದುಕ. ಕಾಲುಗಳು ಕೋಣೆಯ ಅರ್ಧದವರೆಗೆ ಚಾಚಿದ್ದವು. ಎದುರಿಗೆ ನೆಲದ ಮೇಲೆ ಇಬ್ಬರು ಮೊಮ್ಮಕ್ಕಳು, ಹತ್ತು ಹನ್ನೆರಡರ ಹುಡುಗಿಯರು, ಅವನ ಪಾದಗಳನ್ನು ಬಳಸಿಕೊಂಡು ಪುಸ್ತಕ ಹರಡಿಕೊಂಡಿದ್ದರು.

"ಕೊಯ್ಯೋದಕ್ಕೆ ಹೇಳಿದ್ದು ನಾನೇ ತಾಯಿ," ಎಂದ ಮುದುಕ. "ಬಾಗಿಲು ಮುಚ್ಚಲೇಬೇಕು. ಹಾಸಿಗೇಲೇ ಎಲ್ಲಾ ಆಗಬೇಕು ನಂದು. ಈ ಮಕ್ಕಳ ಎದುರಿಗೆ ನಾನು ಹೇಗೆ..." ಮೊಮ್ಮಕ್ಕಳ ಕಡೆ ನೋಡಿ ಮಾತು ಬದಲಿಸಿದ. "ಮೂವತ್ತು ವರ್ಷ ಬಸ್ ಓಡಿಸಿದೆ. ಕಾಲು ಮಡಚ್ಕೊಂಡೇ ಆಯಸ್ಸು ಕಳೀತು. ರಿಟೈರ್ ಆದ ಮೇಲೆ ಕಾಲು ಚಾಚಿ ಮಲಗೋಣ ಅಂದ್ಕೊಂಡೆ. ಅದಕ್ಕೂ ಪುಣ್ಯ ಮಾಡಿರಬೇಕು."

ನಗಿಸಲೆಂದೇ ಹೇಳಿದ ಮಾತು. ಹುಡುಗಿಯರೂ ನಗಲಿಲ್ಲ. ಟೇಪಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಗುತ್ತಿಗೆದಾರ ಗೋಡೆ ಒಳಕ್ಕೆ ತಳ್ಳಿದ್ದಾನೆ, ಎಂಟಡಿಯಲ್ಲಿ ಒಂದಡಿ ನುಂಗಿ ನೀರು ಕುಡಿದಿದ್ದಾನೆ, ಇವತ್ತು ಅವನ ಚರ್ಮ ಸುಲಿಯದೆ ಬಿಡುವುದಿಲ್ಲ ಎಂದು ಹಲ್ಲು ಕಡಿಯುತ್ತಾ ಚೀಲದಿಂದ ಟೇಪು ಎಳೆದಳು. ಒಳಕೋಣೆಗೆ ನುಗ್ಗಿ, ಮಂಡಿಯೂರಿ, ಗೋಡೆಯಿಂದ ಗೋಡೆಗೆ ಹಿಡಿದಳು.

ಎಂಟಡಿ. ಕೂದಲೆಳೆಯಷ್ಟೂ ಕಮ್ಮಿಯಿಲ್ಲ.

ಇನ್ನೊಮ್ಮೆ, ಬೇರೆ ಕಡೆ ಹಿಡಿದಳು. ಎಂಟೇ. ಅಗಲ ಆರು. ಬಾಗಿಲು ಎರಡೂವರೆ, ಆರಡಿ ಗೋಡೆಯ ನಟ್ಟನಡುವೆ, ಅವಳ ಪುಸ್ತಕದಲ್ಲಿ ಇದ್ದ ಹಾಗೆಯೇ. ಹೊರಗೆ ಬಂದು ಮಂಚ ಅಳೆದಳು: ಆರಡಿ ಮೂರು ಇಂಚು, ಎಲ್ಲರ ಮನೆಯಲ್ಲೂ ಇರುವಂಥದ್ದು. ಆರೂಕಾಲಿಗೆ ಬಾಗಿಲಿನ ಎರಡೂವರೆ ಸೇರಿಸಿದರೆ ಎಂಟಡಿಯಲ್ಲಿ ಹೇಗೂ ಹಿಡಿಯುವುದಿಲ್ಲ. ಶಾಲೆಯ ಮಗುವೂ ಮಾಡುವ ಲೆಕ್ಕ. ಹಾಗಾದರೆ ನಕ್ಷೆಯಲ್ಲಿ ಮಂಚವೂ ಹಿಡಿದು, ಬಾಗಿಲೂ ಮುಚ್ಚಿ, ಮೇಲಿಂದ ಜಾಗ ಹೇಗೆ ಉಳಿಯುತ್ತಿತ್ತು?

"ಏನಂತೆ ಮೇಡಂ?" ಎಂದಳು ಸೊಸೆ.

"ಕೋಣೆ ಸರಿಯಾಗಿದೆ," ಎಂದಳು ಟೇಪಮ್ಮ. ಬಾಯಿಂದ ಬಿದ್ದ ಮೇಲೆ ಆ ಮಾತು ಎಷ್ಟು ಅಸಹ್ಯವಾದದ್ದು ಎಂದು ತಿಳಿಯಿತು.

"ಹೌದಾ? ಹಾಗಾದ್ರೆ ನಮ್ಮ ಮಾವನೇ ಸರಿಯಿಲ್ಲ. ನಾಳೆ ಅವರನ್ನೇ ಕೊಯ್ಸಿಬಿಡ್ತೀನಿ, ಬನ್ನಿ ನೋಡೋಕೆ," ಎಂದು ಸೊಸೆ ಮರದ ಪುಡಿ ಗುಡಿಸತೊಡಗಿದಳು. ಪೊರಕೆಯ ಕಡ್ಡಿಗಳು ಟೇಪಮ್ಮನ ಚಪ್ಪಲಿಗೆ ತಾಗಿದವು. ಸೊಸೆ ಬೇಕೆಂದೇ ತಾಗಿಸಿದ್ದಳು.

ಹತ್ತು ಇಂಚಿನ ತುಂಡು ಕೆಳಗೆ ಬಿತ್ತು. ಬಡಗಿ ಕಾಲುಗಳನ್ನು ಕಳಚಿ ಹೊಸ ತುದಿಗೆ ಜೋಡಿಸಿದ. ಮಂಚ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಮುದುಕನನ್ನು ಮಲಗಿಸಿದಾಗ ಅವನ ಪಾದಗಳು ಹೊರಗೆ ಉಳಿದವು. ಸೊಸೆ ಒಂದು ಸ್ಟೂಲು ತಂದು ಅವುಗಳ ಕೆಳಗೆ ಇಟ್ಟಳು. ಇನ್ನು ಮೇಲೆ ಬಾಗಿಲು ಹಾಕಬೇಕಾದಾಗೆಲ್ಲ ಆ ಸ್ಟೂಲು ತೆಗೆಯಬೇಕು, ತೆಗೆದಾಗೆಲ್ಲ ಅವನು ಕಾಲು ಮಡಚಬೇಕು.

ಕಚೇರಿಗೆ ಬಂದವಳು ತನ್ನ ಕೋಣೆಗೂ ಹೋಗದೆ ನೇರ ನಕ್ಷೆಗಾರನ ಮೇಜಿಗೆ ಹೋದಳು. ಅವಳಷ್ಟೇ ವರ್ಷ ಸವೆಸಿದ ಮನುಷ್ಯ. ಮಾತು ಕಮ್ಮಿ, ದಪ್ಪ ಕನ್ನಡಕ. ಮಂಡಳಿಯ ಪ್ರತಿಯೊಂದು ಮನೆಯ ನಕ್ಷೆಯೂ ಅವನ ಕೈ ದಾಟಿಯೇ ಹೊರಟಿದ್ದು. ಆ ಮನೆಗಳ ನಕ್ಷೆ ಹರಡಿಸಿ ಅಳತೆಪಟ್ಟಿಯನ್ನು ಅದರಲ್ಲಿ ಬರೆದಿದ್ದ ಮಂಚದ ಮೇಲೆ ಇಟ್ಟಳು. ಗೋಡೆಗಳ ಮೇಲೆ ಸಾವಿರ ಸಲ ಇಟ್ಟಿದ್ದಳು, ಬಾಗಿಲಿನ ಮೇಲೆ, ಕಿಟಕಿಯ ಮೇಲೆ, ಮೆಟ್ಟಿಲಿನ ಮೇಲೆ ಇಟ್ಟಿದ್ದಳು. ಮಂಚದ ಮೇಲೆ ಇಟ್ಟದ್ದು ಇದೇ ಮೊದಲು.

ಐದಡಿ.

"ಯಾವ ಪುಣ್ಯಾತ್ಮ ಇದನ್ನ ಬರೆದಿದ್ದು?" ಎಂದು ಅವಳು ಕಿರುಚಿದ ಸದ್ದಿಗೆ ಆಚೆ ಮೇಜಿನವರು ತಿರುಗಿ ನೋಡಿದರು. "ಐದಡಿ ಮಂಚದಲ್ಲಿ ಯಾರು ಮಲಗ್ತಾರೆ? ನೀನು ಮಲಗ್ತೀಯಾ? ಇಷ್ಟು ವರ್ಷ ಕಣ್ಣು ಎಲ್ಲಿಟ್ಟುಕೊಂಡಿದ್ದೆ?"

ನಕ್ಷೆಗಾರ ಕೆಳಗಿನ ಖಾನೆ ಎಳೆದು, ಹಳೆಯ ಕಾಗದಗಳ ಅಡಿಯಿಂದ ಒಂದು ಹಳದಿಗಟ್ಟಿದ ಪ್ಲಾಸ್ಟಿಕ್ ಹಾಳೆ ತೆಗೆದು ಅವಳ ಮುಂದಿಟ್ಟ. ಅದರಲ್ಲಿ ಮಂಚ, ಮೇಜು, ಕುರ್ಚಿ, ಒಲೆಯ ಆಕಾರಗಳನ್ನು ಬ್ಲೇಡಿನಿಂದ ಕೊರೆದಿತ್ತು. ಕಂಪ್ಯೂಟರ್ ಬರುವ ಮುಂಚೆ, ಒಂದೇ ಸಾಮಾನನ್ನು ನೂರು ಸಲ ಬರೆಯುವ ಗೋಳು ತಪ್ಪಲಿ ಎಂದು ಮಾಡಿಕೊಂಡ ಅಚ್ಚು ಅದು. ಪೆನ್ಸಿಲನ್ನು ಅಂಚಿಗೆ ಆನಿಸಿ ತಿರುಗಿಸಿದರೆ ಮಂಚ ಬರುತ್ತಿತ್ತು. ಮೂಲೆಯಲ್ಲಿ ಮಸುಕಾದ ಶಾಯಿಯಲ್ಲಿ ‘ಮಕ್ಕಳ ವಸತಿನಿಲಯ’ ಎಂದಿತ್ತು. ಅದರ ಕೆಳಗೆ ಅವಳದೇ ರುಜು.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಹತ್ತು ವರ್ಷದೊಳಗಿನ ಮಕ್ಕಳ ಹಾಸ್ಟೆಲ್ಲು. ಸಣ್ಣ ಮಕ್ಕಳಿಗೆ ಸಣ್ಣ ಮಂಚ ಎಂದು ತಾನೇ ಕೂತು ಮೂರು ದಿನ ಕೊರೆದದ್ದು ಅವಳಿಗೆ ಈಗ ಕಣ್ಣಿಗೆ ಕಟ್ಟಿತು.

"ಇದನ್ನೇ ಎಲ್ಲರೂ ಇಸ್ಕೊಂಡು ಬರೆದ್ರು ಮೇಡಂ," ಎಂದ ನಕ್ಷೆಗಾರ. "ಕಂಪ್ಯೂಟರ್ ಬಂದಾಗ ಇದನ್ನೇ ಅದರೊಳಗೆ ಹಾಕಿದ್ವಿ. ಆಮೇಲೆ ಯಾರೂ ಮಂಚ ಅಂತ ಹೊಸದಾಗಿ ಬರೆದೇ ಇಲ್ಲ. ಒತ್ತಿದ್ರೆ ಬಂದು ಕೂತ್ಕೊಳತ್ತೆ."

"ನಿನಗೆ ಗೊತ್ತಿತ್ತಾ?"

ಅವನು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ. "ಹನ್ನೆರಡು ವರ್ಷದ ಹಿಂದೆ ಒಂದ್ಸಲ ಹೇಳಿದ್ದೆ. ನೀಲಿ ಪುಸ್ತಕದ ಗಲಾಟೆ ನಡೀತಿತ್ತು. ‘ಮಂಚ ಬರೀ ಅಲಂಕಾರ ಕಣಯ್ಯಾ, ಗೋಡೆ ನೋಡು’ ಅಂದ್ರಿ."

ಅವಳು ಹಾಗೆ ಅಂದಿದ್ದಳು. ಅಂದದ್ದು ನೆನಪಿರಲಿಲ್ಲ, ಆದರೆ ಅದು ತನ್ನದೇ ಮಾತು ಎಂಬುದರಲ್ಲಿ ಸಂಶಯವೇ ಇರಲಿಲ್ಲ. ಎಂಟಡಿಗೆ ಪಟ್ಟು ಹಿಡಿದಾಗ ಅವಳು ಸಭೆಯಲ್ಲಿ ತೋರಿಸಿದ್ದು ಇದೇ ಮಂಚವನ್ನು. ‘ನೋಡಿ, ಎಂಟಡಿಯಿದ್ದರೆ ಮಂಚ ಹಾಕಿಯೂ ಬಾಗಿಲು ಮುಚ್ಚುತ್ತದೆ’ ಎಂದು ಎದೆ ತಟ್ಟಿ ಹೇಳಿದ್ದಳು. ಇಪ್ಪತ್ತೆರಡು ಸಾವಿರ ಮನೆ. ಗುತ್ತಿಗೆದಾರನ ಮೇಲೆ ಮಸೆದಿಟ್ಟುಕೊಂಡಿದ್ದ ಸಿಟ್ಟಿಗೆ ಈಗ ಇಳಿಯಲು ಬೇರೆ ತಲೆ ಉಳಿದಿರಲಿಲ್ಲ. ಅವಳು ಸ್ಟೂಲು ಎಳೆದುಕೊಂಡು ಕೂತಳು.

"ಇನ್ನೊಂದು ವಿಷಯ ಇದೆ," ಎಂದ ನಕ್ಷೆಗಾರ. "ಅಂಗಳಕ್ಕೆ ಹೋಗಿ ನೋಡಿ."

ಕಚೇರಿಯ ಅಂಗಳದಲ್ಲಿ ಮಾದರಿ ಮನೆಯೊಂದು ಎದ್ದಿತ್ತು. ಸೋಮವಾರ ಮಂತ್ರಿಗಳು ಬಂದು ನೋಡಿ, ನಿಯಮದ ಪುಸ್ತಕದ ತಿದ್ದುಪಡಿಗೆ ಒಪ್ಪಿಗೆ ಕೊಡುವವರಿದ್ದರು. ಒಳಕೋಣೆ ಎಂಟಡಿಯಿಂದ ಏಳೂವರೆಗೆ ಇಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು, ಎರಡು ಸಲ ವಿರೋಧಿಸಿ ಬರೆದೂ ಇದ್ದಳು. ಮುಂದಿನ ಒಂಬತ್ತು ಸಾವಿರ ಮನೆಗಳು ಆ ಒಪ್ಪಿಗೆಗೆ ಕಾದಿದ್ದವು. ಒಳಗೆ ಹೋದಳು. ಏಳೂವರೆ ಅಡಿಯ ಕೋಣೆ. ಅದರಲ್ಲಿ ಹೊಸ ಮಂಚ, ಹೂವಿನ ಚಿತ್ತಾರದ ಹೊದಿಕೆ, ತಲೆದಿಂಬು. ಬಾಗಿಲು ಮುಚ್ಚಿ ನೋಡಿದಳು, ಮುಚ್ಚಿತು. ಟೇಪು ಎಳೆದಳು. ಇಲ್ಲಿಯ ಬಡಗಿ ನಕ್ಷೆ ನೋಡಿ, ಅದರ ಅಳತೆಗೆ ತಕ್ಕಂತೆ ಐದಡಿಯ ಮಂಚವನ್ನೇ ಮಾಡಿಕೊಟ್ಟಿದ್ದ.

"ಚೆನ್ನಾಗಿ ಬಂದಿದೆ ಅಲ್ವಾ ಮೇಡಂ?" ಎಂದು ಹಿಂದಿನಿಂದ ನಿರ್ದೇಶಕನ ದನಿ ಬಂತು. ಒಂದು ಕಾಲಕ್ಕೆ ಅವಳ ಕೈಕೆಳಗೆ ಪೆನ್ಸಿಲ್ ಕೆತ್ತುತ್ತಿದ್ದವನು. ಈಗ ಅವಳ ಮೇಲಿನವನು. "ಮಂಚಕ್ಕೂ ಬಾಗಿಲಿಗೂ ಮಧ್ಯೆ ಆರು ಇಂಚು ಸುಮ್ನೆ ಬಿದ್ದಿತ್ತು. ಅದನ್ನ ತೆಗೆದ್ವಿ ಅಷ್ಟೆ. ಇಲ್ಲರ್ಧ ಅಡಿ, ಅಲ್ಲರ್ಧ ಅಡಿ ಕೂಡಿಸಿದ್ರೆ ಅದೇ ಜಾಗದಲ್ಲಿ ಇನ್ನೊಂದು ಕಟ್ಟಡ ಏಳತ್ತೆ. ಇನ್ನಷ್ಟು ಜನಕ್ಕೆ ಮನೆ. ನೀವೇ ಕಲಿಸಿದ್ದು."

"ಈ ಮಂಚ ಐದಡಿ," ಎಂದಳು ಟೇಪಮ್ಮ.

ಅವನ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

"ನಿನಗೆ ಗೊತ್ತು."

"ಮಾಡಿಸೋವಾಗ ಬಡಗಿ ಕೇಳಿದ. ನಕ್ಷೆ ಹೇಗಿದೆಯೋ ಹಾಗೆ ಮಾಡು ಅಂದೆ. ನೋಡೋಕೆ ಕೋಣೆ ದೊಡ್ಡದಾಗೂ ಕಾಣ್ಸತ್ತೆ."

"ಇದರಲ್ಲಿ ಮನುಷ್ಯರು ಮಲಗಬೇಕು ಕಣೋ."

"ಮೇಡಂ," ಎಂದ ಅವನು, ದನಿ ತಗ್ಗಿಸಿ, ಬುದ್ಧಿ ಹೇಳುವವನ ಹಾಗೆ. "ಇದನ್ನ ಕೆದಕಿದ್ರೆ ಮೊದಲು ಬಿಚ್ಚೋ ಫೈಲು ಯಾರದ್ದು? ಅಚ್ಚು ನಿಮ್ಮದು, ಪುಸ್ತಕ ನಿಮ್ಮದು. ಇಪ್ಪತ್ತೆರಡು ಸಾವಿರ ಮನೇನೂ ತಪ್ಪು ಅಂತ ನೀವೇ ಹೇಳಿದ ಹಾಗಾಯ್ತು. ರಿಟೈರ್ ಆಗೋಕೆ ನಾಲ್ಕು ತಿಂಗಳಿದೆ. ಆಮೇಲೆ ಸಲಹಾ ಸಮಿತಿಗೆ ನಿಮ್ಮ ಹೆಸರೇ ಕಳಿಸಿದ್ದೀನಿ. ಯಾಕೆ ಸುಮ್ನೆ? ಸೋಮವಾರ ನನ್ನ ಪಕ್ಕ ನಿಂತ್ಕೊಳ್ಳಿ, ಸಾಕು. ಬೇಕಾದ್ರೆ ಮುಂದಿನ ನಕ್ಷೆಗಳಲ್ಲಿ ಸಾಮಾನೇ ತೋರಿಸೋದು ಬೇಡ. ಖಾಲಿ ಕೋಣೆ ಬರೆದ್ರೆ ಯಾರ ತಂಟೇನೂ ಇಲ್ಲ."

ಕಪಾಳಕ್ಕೆ ಬಾರಿಸಬೇಕೆಂದು ಅವಳ ಕೈ ಚುರುಗುಟ್ಟಿತು. ಬಾರಿಸಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ. ಟೇಪು ಚೀಲಕ್ಕೆ ಹಾಕಿಕೊಂಡು ಹೊರಗೆ ನಡೆದಳು.

ಸಂಜೆ ಮನೆಯಲ್ಲಿ ಗಂಡ ಪೇಪರು ಎದೆಯ ಮೇಲೆ ಹರಡಿಕೊಂಡು ಮಂಚದ ಮೇಲೆ ಕಣ್ಣು ಮುಚ್ಚಿದ್ದ. ಅವಳು ಚೀಲ ಕೆಳಗಿಡದೆ ಟೇಪಿನ ತುದಿಯನ್ನು ಅವನ ನೆತ್ತಿಗೆ ಹಿಡಿದು ಹಿಮ್ಮಡಿಯವರೆಗೆ ಎಳೆದಳು. ಐದಡಿ ಒಂಬತ್ತು.

"ಏನೇ ಇದು, ಹೆಣದ ಪೆಟ್ಟಿಗೆ ಮಾಡಿಸೋಕೆ ಅಳತೆ ತಗೋತಿದ್ದೀಯಾ?" ಎಂದ ಅವನು ಕಣ್ಣು ತೆರೆಯದೆ.

"ಪೆಟ್ಟಿಗೆ ಮಾಡೋವನಾದ್ರೂ ಅಳತೆ ತಗೋತಾನೆ," ಎಂದಳು ಟೇಪಮ್ಮ.

ಆ ದನಿಗೆ ಅವನು ಎದ್ದು ಕೂತ. ಅವಳು ಎಲ್ಲವನ್ನೂ ಹೇಳಿದಳು: ಗರಗಸ, ಸೊಸೆಯ ಪೊರಕೆ, ಸ್ಟೂಲು, ಅಚ್ಚು. ಹೇಳುತ್ತಾ ಹೇಳುತ್ತಾ ಅತ್ತಳು. ಅತ್ತಿದ್ದಕ್ಕೆ ಇನ್ನಷ್ಟು ರೇಗಿಕೊಂಡು ಮೂಗು ಒರೆಸಿಕೊಂಡಳು. ಅವನು ಸಮಾಧಾನ ಮಾಡಲು ಹೋಗಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅಷ್ಟು ಕಲಿತಿದ್ದ.

"ಹೇಳಿಬಿಟ್ರೆ ಏನಾಗತ್ತೆ?" ಎಂದ.

"ಟೇಪಮ್ಮನಿಗೆ ಮಂಚ ಅಳೆಯೋಕೆ ಬರಲಿಲ್ಲ ಅಂತಾರೆ. ನಾನು ಮಾಡಿದ್ದೆಲ್ಲಾ ನೀರಲ್ಲಿ ಹೋಮ. ಸಮಿತಿ ಇಲ್ಲ, ಪೆನ್ಷನ್ ನಿಲ್ಲಿಸಿ ವಿಚಾರಣೆ ಅಂದ್ರೂ ಅಂದಾರು."

"ಹೇಳದಿದ್ರೆ?"

ಅವಳು ಟೇಪು ಸುತ್ತಿ ಚೀಲಕ್ಕೆ ಹಾಕಿ ಅಡುಗೆಮನೆಗೆ ಹೋದಳು. ಶನಿವಾರ, ಭಾನುವಾರ ಅವಳು ಮನೆಯಲ್ಲಿ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಪಾತ್ರೆಗಳು ಮಾತ್ರ ಜೋರಾಗಿ ಮಾತಾಡಿದವು.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಮಂತ್ರಿ ಬಂದ. ಹಿಂದೆ ನಾಲ್ಕು ಜನ ಅಧಿಕಾರಿಗಳು, ಐದಾರು ಕ್ಯಾಮೆರಾದವರು. ಮಾದರಿ ಮನೆಯ ಹೊರಕೋಣೆಯಲ್ಲೇ ಜನ ತುಂಬಿಹೋದರು. ಒಳಕೋಣೆಗೆ ಹಿಡಿದದ್ದು ಮಂತ್ರಿ, ನಿರ್ದೇಶಕ, ಟೇಪಮ್ಮ ಮತ್ತು ನಕ್ಷೆಯ ಸುರುಳಿ ಹಿಡಿದ ನಕ್ಷೆಗಾರ. ಕ್ಯಾಮೆರಾದವರು ತೆರೆದ ಬಾಗಿಲಿನಿಂದ ಕತ್ತು ಚಾಚಿದ್ದರು.

"ಪರವಾಗಿಲ್ವೇ," ಎಂದ ಮಂತ್ರಿ, ಹೂವಿನ ಹೊದಿಕೆಯನ್ನು ತಟ್ಟಿ. "ಮಂಚ ಹಾಕಿಯೂ ಓಡಾಡೋಕೆ ಜಾಗ ಇದೆ. ಮುದ್ದಾಗಿದೆ. ಇವರಿಗೆ ಇನ್ನೇನು ಬೇಕು?"

"ಎಲ್ಲಾ ನಮ್ಮ ಮೇಡಂ ಹಾಕಿಕೊಟ್ಟ ಅಡಿಪಾಯ ಸಾರ್," ಎಂದ ನಿರ್ದೇಶಕ. "ಬಡವರ ಮನೆ ಅಂದ್ರೆ ಇವರಿಗೆ ಜೀವ."

ಹೊಗಳಿಕೆ ಅವಳ ಮೈಮೇಲೆ ಉಗುಳಿನ ಹಾಗೆ ಬಿತ್ತು. ಮಂತ್ರಿ ಅವಳ ಕಡೆ ತಿರುಗಿ ನಕ್ಕ. "ನೀವೇನಂತೀರಿ ಅಮ್ಮಾ?"

ಏನು ಹೇಳಬೇಕೆಂದು ಅವಳು ಎರಡು ದಿನ ಮನಸ್ಸಿನಲ್ಲೇ ಬರೆದುಕೊಂಡಿದ್ದಳು. ಅಂಕಿಗಳಿದ್ದವು, ನಿಯಮಗಳಿದ್ದವು, ಕ್ಷಮೆಯೂ ಇತ್ತು. ಒಂದೂ ಬಾಯಿಗೆ ಬರಲಿಲ್ಲ. ಅವಳು ಚೀಲವನ್ನು ಕೆಳಗಿಟ್ಟಳು. ಚಪ್ಪಲಿ ಬಿಟ್ಟಳು. ಮಂಚದ ಅಂಚಿಗೆ ಕೂತು, ಸೀರೆಯ ನೆರಿಗೆ ಕಾಲಿಗೆ ಸರಿಯಾಗಿ ಹಿಡಿದುಕೊಂಡು, ತಲೆದಿಂಬಿಗೆ ತಲೆಯಿಟ್ಟು ಉದ್ದಕ್ಕೆ ಮಲಗಿದಳು.

ಅವಳೇನು ಎತ್ತರದವಳಲ್ಲ, ಐದಡಿ ನಾಲ್ಕು. ಆದರೂ ಹಿಮ್ಮಡಿಗಳು ಮಂಚ ದಾಟಿ ಗಾಳಿಯಲ್ಲಿ ನಿಂತವು. ಐವತ್ತೊಂಬತ್ತು ವರ್ಷದ ಒಡೆದ ಹಿಮ್ಮಡಿಗಳು ಬಾಗಿಲ ಕಡೆಗೆ ನೆಟ್ಟಗೆ ಕಾಣುತ್ತಿದ್ದವು.

"ಈ ಮಂಚ ನಾನು ಬರೆದದ್ದು ಸಾರ್," ಎಂದಳು ಟೇಪಮ್ಮ, ಚಾವಣಿ ನೋಡುತ್ತಾ. "ಹತ್ತು ವರ್ಷದ ಮಕ್ಕಳಿಗೆ ಅಂತ. ಮೂವತ್ತೊಂದು ವರ್ಷದ ಹಿಂದೆ. ಆಮೇಲೆ ಅದನ್ನ ನೋಡಲೇ ಇಲ್ಲ. ಇಪ್ಪತ್ತೆರಡು ಸಾವಿರ ಮನೇಲಿ ದೊಡ್ಡವರನ್ನ ಇದರ ಮೇಲೆ ಮಲಗಿಸಿ ಲೆಕ್ಕ ಹಾಕಿದ್ದೀವಿ. ತಪ್ಪು ನಂದು, ಬರೆದುಕೊಡ್ತೀನಿ. ಆದ್ರೆ ನಿರ್ದೇಶಕರಿಗೆ ಇದು ಗೊತ್ತಿದ್ದೂ ಇನ್ನರ್ಧ ಅಡಿ ತೆಗೀತಿದ್ದಾರೆ. ನೀವು ಒಪ್ಪೋ ಮುಂಚೆ ಒಂದು ಸಲ ಬಂದು ಇಲ್ಲಿ ಮಲಗಿ ನೋಡಿ."

ಬಾಗಿಲಾಚೆಯಿಂದ ಕ್ಯಾಮೆರಾಗಳ ಕ್ಲಿಕ್ಕು ಶುರುವಾಯಿತು. ಮಂತ್ರಿಯ ನಗು ಮುಖದ ಮೇಲೆ ಮರೆತುಹೋದ ಹಾಗೆ ಇನ್ನೂ ಅಲ್ಲೇ ಇತ್ತು.

"ಮೇಡಂ, ಏಳಿ," ಎಂದ ನಿರ್ದೇಶಕ ಹಲ್ಲು ಕಚ್ಚಿ. "ದಯವಿಟ್ಟು ಏಳಿ. ಸಾರ್, ಇವರಿಗೆ ಹುಷಾರಿಲ್ಲ."

ಅವಳು ಏಳಲಿಲ್ಲ. ಎರಡೂ ಕೈಗಳಿಂದ ಮಂಚದ ಅಂಚು ಹಿಡಿದುಕೊಂಡಿದ್ದಳು. ಕಣಕಾಲಿಗೆ ಮಂಚದ ಪಟ್ಟಿ ಒತ್ತಿ ನೋಯತೊಡಗಿತ್ತು. ಅಷ್ಟು ಹೊತ್ತು ಗೋಡೆಗೆ ಅಂಟಿ ನಿಂತಿದ್ದ ನಕ್ಷೆಗಾರ ಸುರುಳಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಕಿಟಕಿಯ ಹತ್ತಿರ ಹೂದಾನಿ ಹೊತ್ತು ಒಂದು ಸ್ಟೂಲು ಇತ್ತು. ಅವನು ಹೂದಾನಿಯನ್ನು ಎತ್ತಿ ನೆಲದ ಮೇಲಿಟ್ಟು, ಸ್ಟೂಲನ್ನು ತಂದು, ಬಗ್ಗಿ, ಅವಳ ಪಾದಗಳ ಕೆಳಗೆ ಇಟ್ಟ.

ಒಳಗಿನದು ಕ್ಯಾಮೆರಾದವರಿಗೆ ಕಾಣದಿರಲೆಂದು ನಿರ್ದೇಶಕ ಬಾಗಿಲನ್ನು ಮುಚ್ಚಲು ತಳ್ಳಿದ. ಅದು ಸ್ಟೂಲಿಗೆ ಬಡಿದು ನಿಂತಿತು. ಅವನು ಇನ್ನೊಮ್ಮೆ ತಳ್ಳಿದ.